ಬೈಕ್ ಎಂಜಿನ್ನಿನ ಮೂರು ಚಕ್ರದ ಕಾರು: ವಿಡಿಯೊದಲ್ಲಿ ಕಾಣದ ತಿರುವು

ಗುಜರಿಯಿಂದ ತಂದ ಹಳೆ ಬೈಕಿನ ಎಂಜಿನ್, ಒಂದಿಷ್ಟು ಕಬ್ಬಿಣದ ಪೈಪು, ತಗಡು, ಮೂರು ಚಕ್ರ. ಹಳ್ಳಿಯ ಹುಡುಗನೊಬ್ಬ ಇಷ್ಟರಲ್ಲೇ ಕಾರು ಕಟ್ಟಿ, ಮನೆಯವರನ್ನೆಲ್ಲ ಕೂರಿಸಿಕೊಂಡು ಹೊರಡುತ್ತಾನೆ. ಹಿಂದೆ ಒಂದು ಸಿನಿಮಾ ಹಾಡು. ಕೆಳಗೆ ಸಾಲು: ಲೀಟರಿಗೆ 60 ಕಿ.ಮೀ., ಲೈಸೆನ್ಸ್ ಬೇಡ, ಆರ್‌ಸಿ ಬೇಡ, ನಮ್ಮ ಪ್ರತಿಭೆಯನ್ನು ಎಲ್ಲರಿಗೂ ತಲುಪಿಸಿ. ಇಂಥ ವಿಡಿಯೊ ನಿಮ್ಮ ಫೋನಿಗೂ ಬಂದಿರಬೇಕು. ನಮ್ಮ ಫೋನಿಗೆ ಬರುತ್ತಲೇ ಇರುತ್ತದೆ.

ನೋಡಿ ಖುಷಿಪಟ್ಟು ಮುಂದಕ್ಕೆ ಕಳಿಸುವವರು ಒಂದು ಕಡೆ. ನೋಡಿ, ‘ನಾವೂ ಒಂದು ಮಾಡೋಣ’ ಎಂದು ವೆಲ್ಡಿಂಗ್ ಅಂಗಡಿಗೆ ಹೋಗುವವರು ಇನ್ನೊಂದು ಕಡೆ. ಈ ಬರಹ ಎರಡನೆಯವರಿಗಾಗಿ, ಅವರ ಗಾಡಿಯಲ್ಲಿ ಹಿಂದೆ ಕೂರುವವರಿಗಾಗಿ. ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಓದುಗರಿಗೆ ಇದು ಇನ್ನೂ ಹತ್ತಿರದ ಮಾತು. ಅಲ್ಲಿ ಗ್ಯಾರೇಜಿದೆ, ವೆಲ್ಡರ್ ಇದ್ದಾರೆ, ಟ್ರ್ಯಾಕ್ಟರ್ ಬಿಚ್ಚಿ ಜೋಡಿಸಿ ಪಳಗಿದ ಕೈಗಳಿವೆ. ಮೂರೂ ಊರುಗಳನ್ನು ಹೊಲಿಯುವ ರಸ್ತೆ ಮಾತ್ರ ರಾಷ್ಟ್ರೀಯ ಹೆದ್ದಾರಿ 150ಎ. ಭತ್ತದ ಲಾರಿ, ಬಸ್ಸು, ಟಂಟಂ ಎಲ್ಲಕ್ಕೂ ಅದೇ ದಾರಿ.

ಮೊದಲೇ ಹೇಳಿಬಿಡುತ್ತೇವೆ. ಬೈಕ್ ಎಂಜಿನ್ನಿನಿಂದ ಕಾರು ಓಡುತ್ತದೆ ಎಂಬುದು ನಿಜ. ಮೈಲೇಜಿನ ಮಾತು ಉತ್ಪ್ರೇಕ್ಷೆ. ಲೈಸೆನ್ಸ್, ಆರ್‌ಸಿ ಬೇಡ ಎಂಬುದು ಪೂರ್ತಿ ಸುಳ್ಳು. ಇವೆಲ್ಲಕ್ಕಿಂತ ಮುಖ್ಯವಾದ ಸಂಗತಿ ವಿಡಿಯೊದಲ್ಲಿ ಇರುವುದೇ ಇಲ್ಲ. ಗಾಡಿ ನೇರ ದಾರಿಯಲ್ಲಿ ಓಡುವುದನ್ನು ತೋರಿಸುತ್ತಾರೆ, ವೇಗದಲ್ಲಿ ತಿರುಗುವುದನ್ನು ತೋರಿಸುವುದಿಲ್ಲ.

ಎಳೆಯುತ್ತದೆ, ಆದರೆ ಕಾಯುತ್ತದೆ

‘100 ಸಿಸಿ ಎಂಜಿನ್ ನಾಲ್ಕು ಜನರನ್ನು ಎಳೆಯುತ್ತದೆಯೇ, ಸುಳ್ಳು ವಿಡಿಯೊ’ ಎಂದು ತಳ್ಳಿಹಾಕುವವರೂ ಇದ್ದಾರೆ. ಅವರ ಮಾತು ತಪ್ಪು. 100 ಸಿಸಿಯ ಬೈಕ್ ಎಂಜಿನ್ ಸುಮಾರು 8 ಅಶ್ವಶಕ್ತಿ ಕೊಡುತ್ತದೆ. ಗಾಡಿ 350 ಕಿಲೊ, ನಾಲ್ಕು ಜನ 250 ಕಿಲೊ, ಒಟ್ಟು 600 ಕಿಲೊ ಎಂದುಕೊಳ್ಳಿ. ನೂರು ಮೀಟರಿಗೆ ಐದು ಮೀಟರ್ ಏರುವ ದಿಬ್ಬವನ್ನು ಗಂಟೆಗೆ 30 ಕಿ.ಮೀ. ವೇಗದಲ್ಲಿ ಹತ್ತಲು ಇದಕ್ಕೆ ಬೇಕಾದದ್ದು ಐದು ಅಶ್ವಶಕ್ತಿಗಿಂತ ಸ್ವಲ್ಪ ಕಡಿಮೆ. ಹಿಂದಿನ ಸ್ಪ್ರಾಕೆಟ್ ದೊಡ್ಡದು ಮಾಡಿದರೆ ವೇಗ ಇಳಿಯುತ್ತದೆ, ಎಳೆತ ಏರುತ್ತದೆ. ಉದ್ದನೆಯ ಹಾರೆಯಿಂದ ಬಂಡೆ ಮೀಟುವ ಲೆಕ್ಕವೇ ಇದು. ರಸ್ತೆಯಲ್ಲಿ ಜನ ತುಂಬಿಕೊಂಡು ಹೋಗುವ ಆಟೊಗಳ ಎಂಜಿನ್ ಕೂಡ 200 ಸಿಸಿ ಆಸುಪಾಸಿನದೇ.

ಹಾಗಾದರೆ ಆಟೊಕ್ಕೂ ಮನೆಯಲ್ಲಿ ಕಟ್ಟಿದ ಗಾಡಿಗೂ ಏನು ವ್ಯತ್ಯಾಸ? ಗಾಳಿ. ಬೈಕಿನ ಎಂಜಿನ್ ಬಯಲಲ್ಲಿ ಇರುತ್ತದೆ. ಅದರ ಮೈಮೇಲಿನ ಪಟ್ಟಿ ಪಟ್ಟಿಯಂಥ ರೆಕ್ಕೆಗಳು ಅಲಂಕಾರಕ್ಕಲ್ಲ, ಓಡುವಾಗ ಎದುರು ಬರುವ ಗಾಳಿಗೆ ಬಿಸಿಯನ್ನು ಬಿಟ್ಟುಕೊಡಲಿಕ್ಕೆ. ಅದೇ ಎಂಜಿನ್ನನ್ನು ಸೀಟಿನ ಕೆಳಗೆ ತಗಡಿನ ಪೆಟ್ಟಿಗೆಯಲ್ಲಿ ಕೂರಿಸಿದರೆ ಗಾಳಿ ಸಿಗುವುದಿಲ್ಲ. ಪೆಟ್ರೋಲ್ ಆಟೊದಲ್ಲಿ ಎಂಜಿನ್ ಒಳಗೇ ಇದ್ದರೂ ಅದಕ್ಕೆಂದೇ ಒಂದು ಬ್ಲೋವರ್ ಫ್ಯಾನ್ ಇಟ್ಟು, ಗಾಳಿಯನ್ನು ಎಂಜಿನ್ ಮೇಲೆ ಹಾಯಿಸುವ ಹೊದಿಕೆ ಕೂರಿಸಿರುತ್ತಾರೆ. ಮನೆಯ ಕಾರಿನಲ್ಲಿ ಇದನ್ನು ಮರೆಯುತ್ತಾರೆ. ರಾಯಚೂರು ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುವಾಗ, ಒಂದನೇ ಎರಡನೇ ಗೇರಿನಲ್ಲೇ ಭಾರ ಎಳೆಯುವ ಎಂಜಿನ್ನಿನ ಎಣ್ಣೆ ತೆಳುವಾಗುತ್ತದೆ. ಅದಕ್ಕೂ ಮೊದಲು ಕ್ಲಚ್ ಪ್ಲೇಟು ಸುಡುತ್ತದೆ. ಹೊರಟಾಗ 600 ಕಿಲೊವನ್ನು ನಿಂತಲ್ಲಿಂದ ಎಬ್ಬಿಸುವ ಕೆಲಸ ಅದರದ್ದು, ಬೈಕಿನಲ್ಲಿ ಅದು ಎಬ್ಬಿಸುತ್ತಿದ್ದುದು ಹೆಚ್ಚೆಂದರೆ 240 ಕಿಲೊ.

ಮೈಲೇಜಿನ ಕಥೆಯೂ ಇಲ್ಲೇ ಇದೆ. ಬೈಕ್ 60 ಕೊಡುತ್ತಿತ್ತು, ಆದ್ದರಿಂದ ಕಾರೂ 60 ಕೊಡುತ್ತದೆ ಎಂಬುದು ಎಂಜಿನ್ ಒಂದನ್ನೇ ನೋಡುವವರ ಲೆಕ್ಕ. ಪೆಟ್ರೋಲ್ ಖರ್ಚಾಗುವುದು ತೂಕವನ್ನು ಉರುಳಿಸಲು, ಗಾಳಿಯನ್ನು ಸೀಳಲು. ತೂಕ ಎರಡೂವರೆ ಪಟ್ಟಾಯಿತು. ಎದುರಿಗೆ ಚಪ್ಪಟೆ ತಗಡಿನ ಗೋಡೆ ಬಂತು. ಮೇಲಿನ 600 ಕಿಲೊ ಗಾಡಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಸಮತಟ್ಟು ರಸ್ತೆಯಲ್ಲಿ ಓಡಿದರೆ ಲೀಟರಿಗೆ 30ರ ಆಸುಪಾಸು ಎಂಬುದು ನಮ್ಮ ಅಂದಾಜು. ಸಂತೆಯ ದಿನದ ರಸ್ತೆಯಲ್ಲಿ ನಿಂತು ಹೊರಡುತ್ತ ಹೋದರೆ ಇನ್ನೂ ಕಡಿಮೆ.

ಮೂರು ಕಲ್ಲಿನ ಒಲೆ

ಈಗ ನಿಜವಾದ ವಿಷಯಕ್ಕೆ ಬರೋಣ. ಹೊಲದಲ್ಲಿ ಒಲೆ ಹೂಡುವಾಗ ಮೂರು ಕಲ್ಲು ಇಡುತ್ತೇವೆ, ನಾಲ್ಕಲ್ಲ. ನೆಲ ಎಷ್ಟೇ ಅಂಕುಡೊಂಕಿದ್ದರೂ ಮೂರು ಕಲ್ಲಿನ ಮೇಲೆ ಪಾತ್ರೆ ಅಲ್ಲಾಡದೆ ಕೂರುತ್ತದೆ. ಮೂರು ಚಕ್ರದ ಗಾಡಿ ನಿಂತಾಗ ಗಟ್ಟಿ ಅನ್ನಿಸುವುದು ಇದರಿಂದಲೇ. ಆದರೆ ಅದೇ ಪಾತ್ರೆಯ ಅಂಚನ್ನು ಎರಡು ಕಲ್ಲುಗಳ ನಡುವೆ, ಅಡಿಯಲ್ಲಿ ಏನೂ ಇಲ್ಲದ ಕಡೆ ಒತ್ತಿ ನೋಡಿ. ತಟ್ಟನೆ ವಾಲುತ್ತದೆ.

ಗಾಡಿ ತಿರುವಿನಲ್ಲಿ ಹೋಗುವಾಗ ಅದರ ಭಾರ ಹೊರಗಡೆಗೆ ತಳ್ಳಿದಂತಾಗುತ್ತದೆ. ಬಸ್ಸಿನಲ್ಲಿ ನಿಂತವರಿಗೆ ಇದು ಗೊತ್ತಿದೆ. ನಾಲ್ಕು ಚಕ್ರದ ಗಾಡಿಗೆ ಹೊರಮೂಲೆಯಲ್ಲಿ ಮುಂದೊಂದು ಹಿಂದೊಂದು ಚಕ್ರ ಇರುತ್ತದೆ, ಒತ್ತಡವನ್ನು ಅವು ತಡೆಯುತ್ತವೆ. ಮುಂದೆ ಒಂದೇ ಚಕ್ರ ಇರುವ ಗಾಡಿಗೆ ಮುಂದಿನ ಹೊರಮೂಲೆಯೇ ಇಲ್ಲ. ಮುಂದಿನ ಚಕ್ರದಿಂದ ಹಿಂದಿನ ಹೊರಚಕ್ರಕ್ಕೆ ಓರೆಯಾಗಿ ಒಂದು ಗೆರೆ ಎಳೆದುಕೊಳ್ಳಿ. ಗಾಡಿ ಮಗುಚುವುದು ಆ ಗೆರೆಯ ಮೇಲೆ. ಭಾರ ಎಷ್ಟು ಮುಂದಕ್ಕೆ ಇದೆಯೋ, ಆ ಗೆರೆ ಅಷ್ಟು ಹತ್ತಿರ.

ಒಂದು ಲೆಕ್ಕ ಮಾಡಿದೆವು. ಹಿಂದಿನ ಎರಡು ಚಕ್ರಗಳ ನಡುವೆ 120 ಸೆಂ.ಮೀ. ಅಂತರ. ಗಾಡಿಯ ಮತ್ತು ಜನರ ಒಟ್ಟು ಭಾರದ ನಡುಬಿಂದು ನೆಲದಿಂದ 60 ಸೆಂ.ಮೀ. ಎತ್ತರದಲ್ಲಿ, ಮುಂದಿನ ಚಕ್ರದಿಂದ ಹಿಂದಿನ ಆಕ್ಸಲ್‌ವರೆಗಿನ ಉದ್ದದ 60 ಭಾಗದಲ್ಲಿ. ಕಾಲುವೆ ಸೇತುವೆಯ ಬಳಿ ಸಿಗುವಂಥ, 15 ಮೀಟರ್ ತ್ರಿಜ್ಯದ ತಿರುವು. ಇದೇ ಅಗಲ, ಎತ್ತರದ ನಾಲ್ಕು ಚಕ್ರದ ಗಾಡಿ ಮಗುಚಬೇಕಾದರೆ ಗಂಟೆಗೆ ಸುಮಾರು 44 ಕಿ.ಮೀ. ವೇಗ ಬೇಕು. ಅಷ್ಟು ಹೊತ್ತಿಗೆ ಟಯರ್ ಜಾರಿಬಿಡುವ ಸಾಧ್ಯತೆಯೇ ಹೆಚ್ಚು, ಮಗುಚುವುದಿಲ್ಲ. ಮುಂದೆ ಒಂದೇ ಚಕ್ರ ಇರುವ ಗಾಡಿ 34ಕ್ಕೇ ಮಗುಚುತ್ತದೆ. ಈಗ ಸೀಟು ಎತ್ತರಿಸಿ, ಮೇಲೊಂದು ಕ್ಯಾರಿಯರ್ ಹಾಕಿ, ಎರಡು ಚೀಲ ಏರಿಸಿ ನಡುಬಿಂದುವನ್ನು 80 ಸೆಂ.ಮೀ.ಗೆ ಒಯ್ಯಿರಿ. 29 ಸಾಕು.

29 ಕಿ.ಮೀ. ಅಂದರೆ ಯಾರೂ ವೇಗ ಎಂದು ಕರೆಯದ ವೇಗ.

ಇದಕ್ಕೆ ಬ್ರೇಕನ್ನೂ ಸೇರಿಸಿ. ತಿರುವಿನಲ್ಲಿ ಎಮ್ಮೆಯೋ ಬೈಕೋ ಅಡ್ಡ ಬಂತೆಂದು ಬ್ರೇಕ್ ಒತ್ತಿದರೆ ಭಾರ ಮುಂದಕ್ಕೂ ಹೊರಗಡೆಗೂ ಒಟ್ಟಿಗೆ ಹೋಗುತ್ತದೆ, ಅಂದರೆ ನೇರವಾಗಿ ಚಕ್ರವಿಲ್ಲದ ಆ ಮೂಲೆಗೇ. ಚಾಲಕ ಹೆದರಿ ಮಾಡುವ ಕೆಲಸವೇ ಗಾಡಿಯನ್ನು ಬೀಳಿಸುತ್ತದೆ.

‘ಆಟೊಗೂ ಮುಂದೆ ಒಂದೇ ಚಕ್ರ ತಾನೇ?’ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆಟೊದಲ್ಲಿ ಎಂಜಿನ್, ಗೇರ್ ಬಾಕ್ಸ್, ಪ್ರಯಾಣಿಕರು ಎಲ್ಲರೂ ಹಿಂದಿನ ಆಕ್ಸಲ್ ಹತ್ತಿರ, ಎರಡು ಚಕ್ರ ಇರುವ ಕಡೆ ಇರುತ್ತಾರೆ. ಮುಂದೆ ಚಾಲಕ ಒಬ್ಬ. ಎಂಜಿನ್ ಕೆಳಗಿರುತ್ತದೆ. ಹಾಗಿದ್ದೂ ಆಟೊ ಮಗುಚುತ್ತದೆ, ಮುಂದಿನ ಸೀಟಿನ ಎರಡೂ ಬದಿ ಜನ ಕೂತಾಗ ಇನ್ನೂ ಸುಲಭವಾಗಿ. ಮನೆಯಲ್ಲಿ ಕಟ್ಟುವವರು ‘ಕಾರಿನಂತೆ ಕಾಣಬೇಕು’ ಎಂದು ಎಂಜಿನ್ನನ್ನು ಬಾನೆಟ್ಟಿನ ಕೆಳಗೆ, ಒಂದೇ ಚಕ್ರ ಇರುವ ಕಡೆಗೆ ತಂದು ಇಡುತ್ತಾರೆ. ಇದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ.

ನಿಂತಲ್ಲೇ ಇದನ್ನು ಅಳೆಯಬಹುದು. ಖಾಲಿ ಗಾಡಿಯಲ್ಲಿ ಜನ ಕೂರುವ ಎತ್ತರಕ್ಕೆ ಅವರ ತೂಕದ ಮರಳಿನ ಚೀಲ ಕಟ್ಟಿ, ಯಾರನ್ನೂ ಕೂರಿಸದೆ, ಆಚೆ ಬದಿಗೆ ಹಗ್ಗದ ಆಸರೆ ಕೊಟ್ಟು ಒಂದು ಪಕ್ಕವನ್ನು ಜಾಕಿನಿಂದ ನಿಧಾನ ಎತ್ತಬೇಕು. ನಮ್ಮ ಲೆಕ್ಕದ ಮೊದಲ ಗಾಡಿ 31 ಡಿಗ್ರಿ ವಾಲಿದಾಗ ತನ್ನಷ್ಟಕ್ಕೆ ಮಗುಚಲು ಹೊರಡುತ್ತದೆ, ಎತ್ತರಿಸಿದ್ದು 24 ಡಿಗ್ರಿಗೆ. ಕೋನವನ್ನು ಫೋನಿನಲ್ಲೇ ನೋಡಬಹುದು. ಇಂಥ ಪರೀಕ್ಷೆ ಇರುವ ವಿಡಿಯೊ ನಮಗೆ ಇದುವರೆಗೆ ಫಾರ್ವರ್ಡ್ ಆಗಿ ಬಂದಿಲ್ಲ.

ಕಂಪನಿಗಳೂ ಈ ದಾರಿಯಲ್ಲಿ ನಡೆದಿವೆ

ಮೂರು ಚಕ್ರದ ಕಾರು ಹೊಸದೇನಲ್ಲ. ಇಂಗ್ಲೆಂಡಿನ ಮಾರ್ಗನ್ ಕಂಪನಿ 1910ರ ಹೊತ್ತಿಗೇ ಬೈಕಿನ ಎಂಜಿನ್ ಹಾಕಿ ಮೂರು ಚಕ್ರದ ಕಾರು ಮಾಡಿತು. ಆದರೆ ಅದರಲ್ಲಿ ಎರಡು ಚಕ್ರ ಮುಂದೆ, ಒಂದು ಹಿಂದೆ. ಎಂಜಿನ್ ಮುಂದಿನ ಎರಡು ಚಕ್ರಗಳ ಬಳಿಯೇ. ಬ್ರೇಕ್ ಒತ್ತಿದರೆ ಭಾರ ಹೋಗುವುದು ಚಕ್ರ ಇರುವ ಮೂಲೆಗೆ. ಇಂಧನ ಉಳಿತಾಯದ ಸ್ಪರ್ಧೆಗಳಿಗೆ ವಿದ್ಯಾರ್ಥಿಗಳು ಕಟ್ಟುವ ಮೂರು ಚಕ್ರದ ಗಾಡಿಗಳಲ್ಲಿ ಹೆಚ್ಚಿನವು ಇಂದಿಗೂ ಈ ರೀತಿಯವೇ.

ನಮ್ಮ ಬೆಂಗಳೂರಿನಲ್ಲೂ ಒಂದು ಪ್ರಯತ್ನ ನಡೆದಿತ್ತು. 1970ರ ದಶಕದ ಮಧ್ಯದಲ್ಲಿ ಸನ್‌ರೈಸ್ ಎಂಬ ಕಂಪನಿ ‘ಬಾದಲ್’ ಎಂಬ ಮೂರು ಚಕ್ರದ ಕಾರನ್ನು ಮಾರಾಟಕ್ಕೆ ಬಿಟ್ಟಿತು. ಫೈಬರ್ ಮೈ, ಹಿಂದೆ 198 ಸಿಸಿಯ ಟೂ ಸ್ಟ್ರೋಕ್ ಎಂಜಿನ್, ಮುಂದೆ ಒಂದೇ ಚಕ್ರ. ಆಮೇಲೆ ಅದೇ ಕಂಪನಿ ನಾಲ್ಕು ಚಕ್ರದ ಬಾದಲ್ ತಂದಿತು. ಸಿಪಾನಿ ಎಂದು ಹೆಸರು ಬದಲಾದ ಮೇಲೆ ಮಾಡಿದ ಡಾಲ್ಫಿನ್ ಕಾರಿಗೂ ನಾಲ್ಕು ಚಕ್ರ. ಕಾರ್ಖಾನೆ, ಎಂಜಿನಿಯರುಗಳು ಇದ್ದವರೂ ಕೊನೆಗೆ ಬಂದು ನಿಂತದ್ದು ನಾಲ್ಕಕ್ಕೆ.

ಇನ್ನು ಇಂಗ್ಲೆಂಡಿನ ರಿಲಯಂಟ್ ರಾಬಿನ್ ಎಂಬ ಮೂರು ಚಕ್ರದ ಕಾರು ತಿರುವು ತಿರುವಿಗೂ ಉರುಳಿ ಬೀಳುವ ತಮಾಷೆಯ ವಿಡಿಯೊ ನೀವು ನೋಡಿರಬಹುದು. ಅದು 2010ರಲ್ಲಿ ‘ಟಾಪ್ ಗೇರ್’ ಟಿವಿ ಕಾರ್ಯಕ್ರಮದಲ್ಲಿ ಬಂದದ್ದು. ಸುಲಭವಾಗಿ ಉರುಳಲೆಂದು ಕಾರಿನ ಡಿಫರೆನ್ಷಿಯಲ್ ಬದಲಿಸಿದ್ದೆವು ಎಂದು ನಿರೂಪಕ ಜೆರೆಮಿ ಕ್ಲಾರ್ಕ್ಸನ್ ಅವರೇ ಆಮೇಲೆ ಬರೆದರು. ಹಾಗಾಗಿ ಮೂರು ಚಕ್ರ ಅಂದರೆ ಪ್ರತಿ ತಿರುವಿನಲ್ಲೂ ಬೀಳುತ್ತದೆ ಎಂದು ಆ ವಿಡಿಯೊ ತೋರಿಸಿ ಹೆದರಿಸುವುದೂ ಸರಿಯಲ್ಲ.

ವಾಲದ ಗಾಡಿಗೆ ಬೈಕಿನ ಚಕ್ರ

ಬೈಕ್ ತಿರುಗುವಾಗ ಒಳಗಡೆಗೆ ವಾಲುತ್ತದೆ. ಹೀಗೆ ವಾಲುವುದರಿಂದ ಚಕ್ರದ ಮೇಲಿನ ಒತ್ತಡ ಯಾವಾಗಲೂ ಹೆಚ್ಚುಕಡಿಮೆ ಚಕ್ರದ ನೇರಕ್ಕೇ ಇರುತ್ತದೆ, ಅಡ್ಡಕ್ಕೆ ಬೀಳುವುದು ಕಡಿಮೆ. ಸ್ಪೋಕ್ಸ್ ಚಕ್ರ ಅಷ್ಟು ತೆಳ್ಳಗಿದ್ದೂ ತಾಳುವುದು ಇದರಿಂದ. ಮೂರು ಚಕ್ರದ ಗಾಡಿ ವಾಲುವುದಿಲ್ಲ. ಪ್ರತಿ ತಿರುವಿನಲ್ಲೂ ಚಕ್ರವನ್ನು ಅಡ್ಡಕ್ಕೆ ಬಗ್ಗಿಸುವ ಬಲ ಬೀಳುತ್ತದೆ. ಸ್ಪೋಕ್ಸ್ ಸಡಿಲವಾಗುತ್ತದೆ, ರಿಮ್ ಎಂಟರ ಆಕಾರಕ್ಕೆ ತಿರುಚಿಕೊಳ್ಳುತ್ತದೆ. ಆಟೊದ ಚಕ್ರ ಸಣ್ಣದು, ತಟ್ಟೆಯಂತೆ ಗಟ್ಟಿ ಇರುವುದು ಸುಮ್ಮನೆ ಅಲ್ಲ.

ಬ್ರೇಕಿನದೂ ಇದೇ ಕಥೆ. 240 ಕಿಲೊ ನಿಲ್ಲಿಸಲು ಮಾಡಿದ ಡ್ರಮ್ ಬ್ರೇಕಿಗೆ 600 ಕಿಲೊ ಕೊಟ್ಟರೆ ಮೊದಲ ಎರಡು ಸಲ ಹಿಡಿಯುತ್ತದೆ, ಕಾದ ಮೇಲೆ ಹಿಡಿತ ಬಿಡುತ್ತದೆ. ಡಿಫರೆನ್ಷಿಯಲ್ ಇಲ್ಲದೆ ಎರಡು ಹಿಂದಿನ ಚಕ್ರವನ್ನು ಒಂದೇ ಶಾಫ್ಟಿಗೆ ಬೆಸೆದರೆ, ತಿರುವಿನಲ್ಲಿ ಎರಡೂ ಒಂದೇ ವೇಗದಲ್ಲಿ ತಿರುಗುತ್ತ ಗಾಡಿಯನ್ನು ನೇರಕ್ಕೇ ನೂಕುತ್ತವೆ. ಮುಂದಿನ ಒಂಟಿ ಚಕ್ರ ತಿರುಗಿದ್ದರೂ ಜಾರುತ್ತದೆ. ವೆಲ್ಡಿಂಗ್ ಬಗ್ಗೆ ಒಂದೇ ಮಾತು: ಬಿರುಕು ಬಿಡುವುದು ಬೆಸುಗೆಯ ಮೇಲಲ್ಲ, ಬೆಸುಗೆಯ ಪಕ್ಕದ ಪೈಪಿನಲ್ಲಿ. ಬಣ್ಣ ಬಳಿದ ಮೇಲೆ ಅದು ಕಾಣುವುದಿಲ್ಲ.

ಸಾಂಗ್ಲಿಯ ಜೀಪಿನ ಪೂರ್ತಿ ಕಥೆ

ಇಂಥ ಫಾರ್ವರ್ಡುಗಳಲ್ಲಿ ಅತಿ ಹೆಚ್ಚು ಓಡಿದ್ದು ನಮ್ಮ ಗಡಿಯಾಚೆಯ ಸಾಂಗ್ಲಿ ಜಿಲ್ಲೆಯದು. ದೇವರಾಷ್ಟ್ರೆ ಗ್ರಾಮದ ಕಮ್ಮಾರರೊಬ್ಬರು ಸುಮಾರು 60 ಸಾವಿರ ರೂಪಾಯಿಯಲ್ಲಿ, ದ್ವಿಚಕ್ರದ ಎಂಜಿನ್ ಹಾಕಿ, ಕಿಕ್ ಹೊಡೆದು ಚಾಲೂ ಮಾಡುವ ಪುಟ್ಟ ಜೀಪನ್ನು ಮಗನಿಗಾಗಿ ಕಟ್ಟಿದ್ದರು. ಅದು ಮೂರಲ್ಲ, ನಾಲ್ಕು ಚಕ್ರದ್ದು. 2021ರ ಡಿಸೆಂಬರಿನಲ್ಲಿ ಉದ್ಯಮಿ ಆನಂದ್ ಮಹೀಂದ್ರಾ ಅದನ್ನು ಹಂಚಿಕೊಂಡರು, ಅದರ ಬದಲಿಗೆ ಬೊಲೆರೊ ಕೊಡುವುದಾಗಿ ಹೇಳಿದರು, 2022ರ ಜನವರಿಯಲ್ಲಿ ಕೊಟ್ಟರು.

ಫಾರ್ವರ್ಡಿನಲ್ಲಿ ಉಳಿದದ್ದು ‘ಗುಜರಿ ಕಾರಿಗೆ ಬೊಲೆರೊ ಬಹುಮಾನ’ ಎಂಬ ಸಾಲು. ಬಿಟ್ಟುಹೋದದ್ದು ಅದೇ ಬರಹದಲ್ಲಿ ಮಹೀಂದ್ರಾ ಹೇಳಿದ್ದ ಇನ್ನೊಂದು ಮಾತು: ಈ ಗಾಡಿ ನಿಯಮಕ್ಕೆ ಹೊಂದುವುದಿಲ್ಲ, ಇಂದಲ್ಲ ನಾಳೆ ಅಧಿಕಾರಿಗಳು ಅದನ್ನು ರಸ್ತೆಯಲ್ಲಿ ನಿಲ್ಲಿಸುತ್ತಾರೆ, ಆದ್ದರಿಂದ ಬೊಲೆರೊ ಎಂದು. ಕಟ್ಟಿದವರ ಕೈಚಳಕಕ್ಕೆ ಮೆಚ್ಚುಗೆ ಸಿಕ್ಕಿತು, ಗಾಡಿ ಪ್ರದರ್ಶನಕ್ಕೆ ಹೋಯಿತು, ಮನೆಯವರು ಕಾರ್ಖಾನೆಯ ಕಾರಿನಲ್ಲಿ ಕೂತರು. ನಮಗೆ ಇದು ಸರಿಯಾದ ಮುಕ್ತಾಯ ಎನ್ನಿಸುತ್ತದೆ.

ಬೈಕಿನ ಆರ್‌ಸಿ ಕಾರಿಗೆ ನಡೆಯುವುದಿಲ್ಲ

‘ಎಂಜಿನ್ ಸಣ್ಣದು, ಕಾಯ್ದೆ ಅನ್ವಯಿಸದು’ ಎಂಬ ಮಾತಿಗೆ ಒಂದು ಎಳೆ ನಿಜವಿದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 2(28) ನಾಲ್ಕಕ್ಕಿಂತ ಕಡಿಮೆ ಚಕ್ರದ ಸಣ್ಣ ಗಾಡಿಗಳನ್ನು ಹೊರಗಿಡುತ್ತದೆ. ಆದರೆ ಮಿತಿ 25 ಸಿಸಿ. ನಮ್ಮ ಬೈಕುಗಳು 100 ಸಿಸಿ ಆಸುಪಾಸಿನಿಂದ ಶುರು.

‘ಎಂಜಿನ್ನಿಗೆ ಕೆಎ 36 ಆರ್‌ಸಿ ಇದೆ, ಅದೇ ನಂಬರ್ ಬರೆಸಿದ್ದೇವೆ’ ಎಂಬುದು ಇನ್ನೊಂದು ನಂಬಿಕೆ. ಆರ್‌ಸಿ ಎಂಜಿನ್ನಿಗೆ ಕೊಡುವ ಚೀಟಿಯಲ್ಲ, ಇಡೀ ವಾಹನಕ್ಕೆ ಕೊಡುವುದು. ಕಂಪನಿ ನಮೂದಿಸಿದ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸಬಾರದು ಎನ್ನುತ್ತದೆ ಸೆಕ್ಷನ್ 52. ಬದಲಿಸಿದರೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎನ್ನುತ್ತದೆ 2019ರ ತಿದ್ದುಪಡಿ. ಹೊಸ ಮಾದರಿಯ ವಾಹನಕ್ಕೆ ನೋಂದಣಿ ಬೇಕಿದ್ದರೆ ಅದರ ಮೊದಲ ಗಾಡಿಯನ್ನು ಪುಣೆಯ ಎಆರ್‌ಎಐನಂಥ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಪರೀಕ್ಷೆಗೆ ಒಪ್ಪಿಸಬೇಕು. ಇದು ಕಂಪನಿಗಳು ಮಾಡುವ ಕೆಲಸ, ಒಂದು ಗಾಡಿ ಕಟ್ಟಿದವರಿಗೆ ಎಟುಕುವುದಲ್ಲ.

ಉತ್ತರ ಭಾರತದ ‘ಜುಗಾಡ್’ ಗಾಡಿಗಳ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ರಾಜಸ್ಥಾನದ ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ, 2013ರ ಮೇ ತಿಂಗಳಲ್ಲಿ, ಜುಗಾಡ್ ಕೂಡ ಮೋಟಾರು ವಾಹನವೇ, ಕಾಯ್ದೆ ಪಾಲಿಸದೆ ರಸ್ತೆಗೆ ಇಳಿಯುವಂತಿಲ್ಲ ಎಂದು ನ್ಯಾಯಾಲಯ ಹೇಳಿತು.

ದಂಡ ಕಟ್ಟಿ ಹೋಗಬಹುದು, ಅದು ದೊಡ್ಡ ಮಾತಲ್ಲ. ದೊಡ್ಡದು ವಿಮೆ. ನೋಂದಣಿ ಇಲ್ಲದ ಗಾಡಿಗೆ ವಿಮೆ ಇಲ್ಲ. ನಾಟಿ ಕಾಲದಲ್ಲಿ ಇಂಥ ಗಾಡಿಯಲ್ಲಿ ಆರು ಜನ ಕೂಲಿ ಹೆಣ್ಣುಮಕ್ಕಳು ಕೂತು ಹೊಲಕ್ಕೆ ಹೊರಟಿದ್ದಾರೆ, ಕಾಲುವೆ ತಿರುವಿನಲ್ಲಿ ಮಗುಚಿತು ಎಂದುಕೊಳ್ಳಿ. ನೋಂದಾಯಿತ ಗಾಡಿ ಗುದ್ದಿ ಯಾರಿಗಾದರೂ ಏನಾದರೂ ಆದರೆ, ಪರಿಹಾರ ಕೇಳಲು ಒಂದು ವಿಮಾ ಕಂಪನಿ ಇರುತ್ತದೆ. ಇಲ್ಲಿ ಇರುವುದು ಗಾಡಿ ಕಟ್ಟಿದ ಮನುಷ್ಯ ಒಬ್ಬನೇ. ಕೋರ್ಟು ಲಕ್ಷಗಟ್ಟಲೆ ಕೊಡು ಎಂದರೂ ಕೊಡಲು ಅವನ ಹತ್ತಿರ ಇರಬೇಕಲ್ಲ. ಅವನ ಹೊಲವೂ ಹೋಗುತ್ತದೆ, ಆ ಮನೆಗಳಿಗೂ ಪೂರ್ತಿ ಸಿಗುವುದಿಲ್ಲ.

ಹಾಗಾದರೆ ಕಟ್ಟಲೇಬಾರದೇ?

ಕಟ್ಟಬಹುದು. ನಿಮ್ಮದೇ ಹೊಲದ ಒಳಗೆ ಗೊಬ್ಬರ ಸಾಗಿಸಲು ನಿಧಾನಕ್ಕೆ ಓಡುವ ಗಾಡಿ ಬೇರೆ ಮಾತು. ಊರವರೆಲ್ಲ ಓಡಾಡುವ ದಾರಿ ಮಣ್ಣಿನದಾದರೂ ಸಾರ್ವಜನಿಕವೇ ಎಂಬುದು ನೆನಪಿರಲಿ. ಗುಜರಾತಿನ ಅಮ್ರೇಲಿ ಜಿಲ್ಲೆಯ ಮನ್ಸುಖ್‌ಭಾಯ್ ಜಗಾನಿ 1990ರ ದಶಕದಲ್ಲಿ ಬುಲೆಟ್ ಬೈಕಿನ ಹಿಂದಿನ ಚಕ್ರ ತೆಗೆದು, ಅಲ್ಲಿ ಎರಡು ಚಕ್ರದ ಕುಂಟೆ ಕೂರಿಸಿ ಮಾಡಿದ ‘ಬುಲೆಟ್ ಸಾಂತಿ’ ಕೂಡ ಬೈಕ್ ಎಂಜಿನ್ನಿನ ಮೂರು ಚಕ್ರದ ಗಾಡಿಯೇ. ಎತ್ತು ಸಾಕಲಾಗದ ರೈತರಿಗೆ ಅದು ಕೆಲಸಕ್ಕೆ ಬಂತು, ಪೇಟೆಂಟೂ ಸಿಕ್ಕಿತು. ಹೊಲದಲ್ಲಿ ಅದರ ವೇಗ ನಡಿಗೆಯಷ್ಟು, ಹಿಂದೆ ಕೂರುವವರು ಯಾರೂ ಇಲ್ಲ. ತಿರುವಿನ ಭಯವೂ ಇಲ್ಲ.

ಎಂಜಿನಿಯರಿಂಗ್, ಡಿಪ್ಲೊಮಾ ಓದುವ ಹುಡುಗರಿಗೆ ಇನ್ನೊಂದು ದಾರಿ ಇದೆ. ಎಸ್‌ಎಇ ಇಂಡಿಯಾದ ‘ಬಾಹಾ’ ಸ್ಪರ್ಧೆಯಲ್ಲಿ ಕಾಲೇಜು ತಂಡಗಳು ಒಂಟಿ ಸಿಲಿಂಡರ್ ಎಂಜಿನ್ನಿನ ಗಾಡಿ ಕಟ್ಟಿ ತರುತ್ತವೆ. ಓಡಿಸುವ ಮೊದಲು ಚಾಸಿ, ಬ್ರೇಕು, ಬೆಲ್ಟು ಎಲ್ಲವನ್ನೂ ಪರೀಕ್ಷಕರು ನೋಡುತ್ತಾರೆ. ಬ್ರೇಕ್ ಪರೀಕ್ಷೆ ಪಾಸಾಗದ ಗಾಡಿ ಟ್ರ್ಯಾಕಿಗೆ ಇಳಿಯುವುದಿಲ್ಲ.

ಮನೆಯಲ್ಲಿ ನಡೆಯಲಾಗದವರು ಇದ್ದು ಅವರಿಗಾಗಿ ಮೂರು ಚಕ್ರದ ಗಾಡಿ ಬೇಕು ಎಂಬ ಕಾರಣಕ್ಕೆ ಕೈಹಾಕುವವರೂ ಇದ್ದಾರೆ. ಅವರಿಗೆ ಕಾಯ್ದೆಯೇ ಬಾಗಿಲು ತೆರೆದಿದೆ. ಸೆಕ್ಷನ್ 52ರಲ್ಲೇ ಅಂಗವಿಕಲರ ಬಳಕೆಗೆ ವಾಹನವನ್ನು ಮಾರ್ಪಡಿಸಲು ಅವಕಾಶವಿದೆ, ಅದಕ್ಕೆ ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಬರೆಸಿಕೊಳ್ಳಬೇಕು. ಕಂಪನಿಯ ಸ್ಕೂಟರಿಗೆ ಪಕ್ಕದ ಚಕ್ರಗಳನ್ನು ಕೂಡಿಸಿ ಓಡಿಸುವವರನ್ನು ನೀವು ನೋಡಿಯೇ ಇರುತ್ತೀರಿ. ಕಟರ್ ಹಿಡಿಯುವ ಮೊದಲು ಆರ್‌ಟಿಒ ಕಚೇರಿಗೆ ಹೋಗಿ, ಯಾವ ಮಾರ್ಪಾಡಿಗೆ ಒಪ್ಪಿಗೆ ಸಿಗುತ್ತದೆ ಎಂದು ಕೇಳಿಬನ್ನಿ. ಒಪ್ಪಿಗೆ ಸಿಕ್ಕ ಮೇಲೆ ಅದೇ ಗಾಡಿಗೆ ವಿಮೆಯನ್ನೂ ಮಾಡಿಸಬಹುದು.